ಪ್ಯಾಸಿವ್ ವಾಯ್ಸ್: ಬದಲಾಯಿಸೋಕೆ ಬರುತ್ತೆ, ಬರೆಯೋಕೆ ಬರಲ್ಲ

ಪಿಯು_ದಾವಣಗೆರೆ:
ಇಂಗ್ಲಿಷಿನಲ್ಲಿ ‘ಚೇಂಜ್ ದಿ ವಾಯ್ಸ್’ ಅಂತ ಕೊಟ್ಟರೆ ಆಕ್ಟಿವ್ (ಕರ್ತರಿ) ವಾಕ್ಯವನ್ನ ಪ್ಯಾಸಿವ್ (ಕರ್ಮಣಿ) ಮಾಡ್ತೀನಿ. ಆಬ್ಜೆಕ್ಟ್ ಮುಂದಕ್ಕೆ, ಸಬ್ಜೆಕ್ಟ್ ಹಿಂದಕ್ಕೆ, ನಡುವೆ ಒಂದು ‘ಬೈ’. ಸ್ವಂತವಾಗಿ ಬರೆಯುವಾಗಲೇ ತಪ್ಪೋದು. ಈ ಮೂರಕ್ಕೂ ಕೆಂಪು ಗೆರೆ ಬಿದ್ದಿದೆ:
‘ಆನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್ ಆನ್ ಪಿ.ಬಿ. ರೋಡ್.’
‘ದಿ ರೋಡ್ ಈಸ್ ರಿಪೇರಿಂಗ್.’
‘ದಿ ಬಟರ್ ವಾಸ್ ಸ್ಪ್ರೆಡ್ ಬೈ ಎ ಸ್ಪೂನ್.’
ಯಾಕೆ ತಪ್ಪು? ಪ್ಯಾಸಿವ್ ಎಲ್ಲಿ ಹಾಕಬೇಕು ಅಂತ ಗೊತ್ತಾಗೋದು ಹೇಗೆ?

ಕಲ್ಲಿನಕೋಟೆ:
ಮೊದಲನೆಯದು ‘ಆಯಿತು’ ತಂದ ತಾಪತ್ರಯ. ‘ಅಪಘಾತ ಆಯಿತು’ ಅಂತ ಮನಸ್ಸು ಹೇಳುತ್ತೆ, ಕೈ ತಾನಾಗೇ ‘ವಾಸ್’ ಬರೆಯುತ್ತೆ. ‘ಹ್ಯಾಪನ್’ ಅಕರ್ಮಕ ಕ್ರಿಯಾಪದ, ಅದಕ್ಕೆ ಪ್ಯಾಸಿವ್ ಇಲ್ಲವೇ ಇಲ್ಲ. ‘ಆನ್ ಆಕ್ಸಿಡೆಂಟ್ ಹ್ಯಾಪನ್ಡ್’ ಅಷ್ಟೇ ಸಾಕು. ಬರೆಯೋ ಮುಂಚೆ ಕ್ರಿಯಾಪದಕ್ಕೆ ‘ಏನನ್ನು? ಯಾರನ್ನು?’ ಅಂತ ಕೇಳಿ ನೋಡಿ. ಕಟ್ಟಿದರು, ಏನನ್ನು? ಕೋಟೆಯನ್ನು. ಹಾಗಾದರೆ ಪ್ಯಾಸಿವ್ ಆಗುತ್ತೆ. ಸತ್ತರು, ಏನನ್ನು? ಉತ್ತರವಿಲ್ಲ, ಆದ್ದರಿಂದ ‘ಹಿ ವಾಸ್ ಡೈಡ್’ ತಪ್ಪು. ಅರೈವ್, ಅಕರ್, ಡಿಸಪಿಯರ್ ಕೂಡ ಇದೇ ಗುಂಪು.

‘ಬಾರ್ನ್’ ಮಾತ್ರ ಇದಕ್ಕೆ ಉಲ್ಟಾ. ‘ಐ ಬಾರ್ನ್ ಇನ್ ಹರಿಹರ’ ಅಂತ ಬರೆಯೋರು ಬಹಳ. ನಮ್ಮ ‘ಹುಟ್ಟು’ ಅಕರ್ಮಕ, ಇಂಗ್ಲಿಷಿನ ‘ಬೇರ್’ ಅಂದರೆ ಹೆರುವುದು. ತಾಯಿ ಹೆತ್ತಳು, ಯಾರನ್ನು? ನನ್ನನ್ನು. ಅದಕ್ಕೇ ಅಲ್ಲಿ ‘ವಾಸ್’ ಬೇಕೇ ಬೇಕು.

ಎರಡನೆಯದರಲ್ಲಿ ರಸ್ತೆಯೇ ಹಾರೆ ಹಿಡಿದು ಏನನ್ನೋ ರಿಪೇರಿ ಮಾಡ್ತಿದೆ ಅನ್ನೋ ಅರ್ಥ ಬರುತ್ತೆ. ಪ್ಯಾಸಿವ್‌ನಲ್ಲಿ ಮುಖ್ಯ ಕ್ರಿಯಾಪದ ಯಾವಾಗಲೂ ಮೂರನೇ ರೂಪದಲ್ಲೇ (ಇಲ್ಲಿ ‘ರಿಪೇರ್ಡ್’) ಕೂತಿರುತ್ತೆ, ಕಾಲ ತೋರಿಸೋದು ಅದರ ಮುಂದಿನ ‘ಬಿ’ ಕ್ರಿಯಾಪದದ (ಈಸ್, ವಾಸ್, ಬೀನ್) ಕೆಲಸ. ಈಗ ನಡೀತಿದ್ದರೆ ‘ಈಸ್ ಬೀಯಿಂಗ್ ರಿಪೇರ್ಡ್’, ಮುಗಿದಿದ್ದರೆ ‘ಹ್ಯಾಸ್ ಬೀನ್ ರಿಪೇರ್ಡ್’, ಮುಂದೆ ಆಗೋದಾದರೆ ‘ವಿಲ್ ಬಿ ರಿಪೇರ್ಡ್’, ಆಗಲೇಬೇಕಾದರೆ ‘ಮಸ್ಟ್ ಬಿ ರಿಪೇರ್ಡ್’. ಜೋಡಿ ತಪ್ಪಿಸಬೇಡಿ: ಈಸ್ ಜೊತೆ ಬೀಯಿಂಗ್, ಹ್ಯಾಸ್ ಜೊತೆ ಬೀನ್.

ಮೂರನೆಯದರಲ್ಲಿ ಮೋಸ ಮಾಡಿದ್ದು ನಮ್ಮ ‘ಇಂದ’. ‘ಚಮಚದಿಂದ’, ‘ಅಡುಗೆಯವರಿಂದ’ ಎರಡಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಮಾಡಿದವರಿಗೆ ‘ಬೈ’, ಸಲಕರಣೆಗೆ ‘ವಿತ್’. ಚಮಚ ತಾನಾಗಿ ಬೆಣ್ಣೆ ಸವರಲ್ಲ, ‘ವಿತ್ ಎ ಸ್ಪೂನ್’ ಬರೀರಿ.

ವ್ಯಾಕರಣ_ಕಟ್ಟೆ:
ಎಲ್ಲಿ ಹಾಕಬೇಕು ಅನ್ನೋದೇ ಅಸಲು ಪ್ರಶ್ನೆ. ತಿರುಗಿಸೋ ಲೆಕ್ಕ ಮಾಡಿಸೋರು ಇದನ್ನ ಹೇಳಿಕೊಡೋದು ಕಡಿಮೆ.

‘ಚಿತ್ರದುರ್ಗವನ್ನು ಹೈದರಾಲಿ 1779ರಲ್ಲಿ ವಶಪಡಿಸಿಕೊಂಡ.’ ಊರು ಮೊದಲು ಬಂದರೂ ಅರ್ಥ ಕೆಡಲಿಲ್ಲ, ‘ಅನ್ನು’ ಕಾಯ್ತಾ ಇದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯವಿಲ್ಲ, ಪದದ ಜಾಗವೇ ಎಲ್ಲ. ‘ಚಿತ್ರದುರ್ಗ ಕ್ಯಾಪ್ಚರ್ಡ್ ಹೈದರಾಲಿ’ ಅಂದುಬಿಟ್ಟರೆ ಕೋಟೆಯೇ ಅವನನ್ನ ಹಿಡಿದ ಹಾಗಾಯ್ತು! ಊರನ್ನ ಮುಂದಿಟ್ಟೇ ಹೇಳಬೇಕಾದರೆ ‘ಚಿತ್ರದುರ್ಗ ವಾಸ್ ಕ್ಯಾಪ್ಚರ್ಡ್ ಬೈ ಹೈದರಾಲಿ’. ಪ್ಯಾರಾ ಕೋಟೆಯ ಬಗ್ಗೆ ಇದ್ದರೆ ಇದು ಚೆನ್ನ, ಹೈದರನ ಬಗ್ಗೆ ಇದ್ದರೆ ಆಕ್ಟಿವ್ ಚೆನ್ನ. ಅಂದರೆ ನೀವು ಯೋಚಿಸುವ ಕನ್ನಡ ವಾಕ್ಯ ‘ಅನ್ನು’ ಇರುವ ಪದದಿಂದ ಶುರುವಾದರೆ ಅಲ್ಲಿ ಪ್ಯಾಸಿವ್‌ಗೆ ಜಾಗ ಇದೆ.

ಇನ್ನೊಂದು ಗುರುತು ‘ಲಾಗಿದೆ’. ‘ರಸ್ತೆ ಮುಚ್ಚಲಾಗಿದೆ’ ಅಂತ ಬೋರ್ಡ್ ಇರುತ್ತಲ್ಲ, ಮುಚ್ಚಿದ್ದು ಯಾರು ಅಂತ ಯಾರೂ ಕೇಳಲ್ಲ. ಅಂಥ ಕಡೆ ‘ಬೈ’ ಬಿಡಿ. ‘ದಾವಣಗೆರೆ ಡಿಸ್ಟ್ರಿಕ್ಟ್ ವಾಸ್ ಫಾರ್ಮ್ಡ್ ಇನ್ 1997’ ಅಂದರೆ ಸಾಕು, ಜಿಲ್ಲೆ ಮಾಡೋದು ಸರ್ಕಾರವೇ ತಾನೆ.

ಪಿಯು_ದಾವಣಗೆರೆ:
‘ಅವನು ಅಪ್ಪನನ್ನು ಹೋಲುತ್ತಾನೆ.’ ಇದರಲ್ಲೂ ‘ಯಾರನ್ನು’ ಇದೆಯಲ್ಲ ಸರ್? ‘ಈಸ್ ರಿಸೆಂಬಲ್ಡ್’ ಅನ್ನಬಹುದಾ?

ಕಲ್ಲಿನಕೋಟೆ:
ಚೆನ್ನಾಗಿ ಹಿಡಿದ್ರಿ, ಆದರೆ ಆಗಲ್ಲ. ಅಲ್ಲಿ ಯಾರೂ ಏನೂ ಮಾಡ್ತಿಲ್ಲ, ಬರೀ ಸ್ಥಿತಿ. ‘ಇದೆ’ ಅನ್ನೋ ಅರ್ಥದ ಹ್ಯಾವ್, ಬೆಲೆ ಹೇಳುವ ಕಾಸ್ಟ್ ಕೂಡ ಹಾಗೇ. ‘ಎ ಕಾರ್ ಈಸ್ ಹ್ಯಾಡ್ ಬೈ ಹಿಮ್’ ನಗೆಪಾಟಲು. ನಗು ಅಂದಾಗ ನೆನಪಾಯ್ತು, ‘ಹಿ ವಾಸ್ ಲಾಫ್ಡ್ ಆ್ಯಟ್’ ಬರೆಯುವಾಗ ಕೊನೆಯ ‘ಆ್ಯಟ್’ ಬಿಡಬೇಡಿ. ‘ಬೈ’ ಬಂದರೂ ಅದು ಇರಲೇಬೇಕು: ‘ಲಾಫ್ಡ್ ಆ್ಯಟ್ ಬೈ ಹಿಸ್ ಫ್ರೆಂಡ್ಸ್’.

ಪಿಯು_ದಾವಣಗೆರೆ:
‘ವಾಣಿವಿಲಾಸ ಸಾಗರ ವಾಸ್ ಬಿಲ್ಟ್ ಅಕ್ರಾಸ್ ದಿ ವೇದಾವತಿ ಆ್ಯಂಡ್ ಕಂಪ್ಲೀಟೆಡ್ ಇನ್ 1907.’ ಎರಡನೇ ‘ವಾಸ್’ ಬಿಟ್ಟಿದ್ದೀನಿ, ನಡೆಯುತ್ತಾ?

ವ್ಯಾಕರಣ_ಕಟ್ಟೆ:
ನಡೆಯುತ್ತೆ. ಸಬ್ಜೆಕ್ಟ್ ಒಂದೇ, ಕಾಲವೂ ಒಂದೇ, ಮೊದಲ ‘ವಾಸ್’ ಎರಡಕ್ಕೂ ಸಲ್ಲುತ್ತೆ. ಎರಡನೇ ಭಾಗಕ್ಕೆ ‘ಕೆನಾಲ್ಸ್’ ಅಂತ ಹೊಸ ಸಬ್ಜೆಕ್ಟ್ ತಂದರೆ ಮಾತ್ರ ‘ವರ್’ ಹಾಕಬೇಕಾಗುತ್ತೆ.