ಲೇಸರ್‌ನಲ್ಲಿ ಕತ್ತರಿಸಿದ ತುಂಡುಗಳು ಸಡಿಲ, ತಪ್ಪು ಎಲ್ಲಿ?

ಪ್ರಶ್ನೆ:
ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಗ್ರಾಸ್‌ಹಾಪರ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಲೆಯಂಥ ಬೆಂಚಿನ ಮಾದರಿ ಮಾಡಿದ್ದೇನೆ. ಅಡ್ಡ 14, ಉದ್ದ 9 ಪಟ್ಟಿ, ಒಂದಕ್ಕೊಂದು ಕಚ್ಚಿಕೊಂಡು ನಿಲ್ಲಬೇಕು. ಪ್ಲೈವುಡ್ 3 ಮಿ.ಮೀ., ಅದಕ್ಕೇ ಸ್ಲಾಟ್ (ಪಟ್ಟಿ ಕಚ್ಚಿಕೊಳ್ಳುವ ಸೀಳು) ಕೂಡ 3 ಇಟ್ಟೆ. ಸ್ಕ್ರೀನ್ ಮೇಲೆ ಸೂಪರ್, ಕೈಯಲ್ಲಿ ಜೋಡಿಸಿದರೆ ಗಡಗಡ ಅಲುಗಾಡುತ್ತದೆ. ನಾಲ್ಕು ದಿನದಲ್ಲಿ ಜ್ಯೂರಿ, ಅಂದರೆ ಪ್ರಾಜೆಕ್ಟ್ ಮೌಲ್ಯಮಾಪನ ಇದೆ. ಏನು ಮಾಡಲಿ?

ಉತ್ತರ 1:
ಎರಡು ತಪ್ಪು ಸೇರಿಕೊಂಡಿವೆ. ಲೇಸರ್ ಗೆರೆಯ ಮೇಲೆ ಹೋಗುವಾಗ ಸ್ವಲ್ಪ ಮರವನ್ನು ಸುಟ್ಟು ತಿನ್ನುತ್ತದೆ, ಅದಕ್ಕೆ ಕರ್ಫ್ ಅಂತಾರೆ, ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಅಷ್ಟು ಸ್ಲಾಟ್ ಅಗಲವಾಯಿತು. ಜೊತೆಗೆ 3 ಅಂತ ಮಾರುವ ಹಾಳೆ ಸರಿಯಾಗಿ 3 ಇರುವುದೇ ಅಪರೂಪ. ವರ್ನಿಯರ್ (ದಪ್ಪ ನಿಖರವಾಗಿ ಅಳೆಯುವ ಸಾಧನ) ಹಿಡಿದು ನಾಲ್ಕೈದು ಕಡೆ ಅಳೆಯಿರಿ. ಸಿಕ್ಕಿದ ದಪ್ಪದಲ್ಲಿ ಕರ್ಫ್ ಕಳೆದರೆ ಬರುವುದೇ ಡ್ರಾಯಿಂಗ್‌ನಲ್ಲಿ ಇಡಬೇಕಾದ ಸ್ಲಾಟ್ ಅಗಲ.

ಉತ್ತರ 2:
ಲೆಕ್ಕ ಸರಿ, ಆದರೆ ಸುಮ್ನೆ ನಂಬಬೇಡಿ. ಅದೇ ಹಾಳೆಯ ಚೂರಿನಲ್ಲಿ ಬಾಚಣಿಗೆ ಥರ 2.6ರಿಂದ 3.1ರವರೆಗೆ 0.1 ಅಂತರದಲ್ಲಿ ಸ್ಲಾಟ್ ಕತ್ತರಿಸಿ, ಇನ್ನೊಂದು ಚೂರು ತೂರಿಸಿ ನೋಡಿ. ಬೆರಳಲ್ಲಿ ಒತ್ತಿದರೆ ಹೋಗಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ಆ ಅಗಲವನ್ನು ಸಾಫ್ಟ್‌ವೇರ್‌ನಲ್ಲಿ ಒಂದೇ ಸ್ಲೈಡರ್‌ಗೆ (ಎಳೆದು ಸಂಖ್ಯೆ ಬದಲಿಸುವ ಪಟ್ಟಿಗೆ) ಕಟ್ಟಿ. ಪ್ಯಾರಾಮೆಟ್ರಿಕ್ (ಒಂದು ಅಳತೆ ಬದಲಿಸಿದರೆ ಎಲ್ಲಾ ಕಡೆ ಬದಲಾಗುವಂತೆ) ಮಾಡಿದ್ದೇ ಅದಕ್ಕೆ ಅಲ್ವಾ! ಒಂದೊಂದೇ ಸ್ಲಾಟ್ ಕೈಯಲ್ಲಿ ತಿದ್ದಿದರೆ ಜ್ಯೂರಿ ಹೊತ್ತಿಗೂ ಮುಗಿಯುವುದಿಲ್ಲ.

ಉತ್ತರ 3:
ಪಟ್ಟಿಗಳು ಒಂದಕ್ಕೊಂದು ನೇರ 90 ಡಿಗ್ರಿಯಲ್ಲಿ ಸೇರುತ್ತವಾ? ಓರೆಯಾಗಿದ್ದರೆ ಆ ಕಡೆ ಸ್ಲಾಟ್ ಜಾಸ್ತಿ ಅಗಲ ಬೇಕು. ಮತ್ತೆ ಪ್ರತಿ ತುಂಡಿಗೂ ನಂಬರ್ ಕೊರೆಸಿ. ನಾನು ನಂಬರ್ ಹಾಕದೆ ಬಿಟ್ಟು, ರಾತ್ರಿಯಿಡೀ ಜಿಗ್‌ಸಾ ಆಡಿದ್ದೇನೆ.

ಪ್ರಶ್ನೆ ಕೇಳಿದವರು:
ಎಲ್ಲಾ 90 ಡಿಗ್ರಿನೇ. ಹಾಳೆ ಅಳೆದೆ, 2.8! ಬಾಚಣಿಗೆಯಲ್ಲಿ 2.6 ಗಟ್ಟಿಯಾಗಿ ಕೂತಿತು. ನಾಳೆ ಮತ್ತೆ ಕತ್ತರಿಸುತ್ತೇನೆ, ನಂಬರ್ ಸಮೇತ.