ಸಂಬಳದ ಹತ್ತರಲ್ಲೊಂದು ಪಾಲು ಎಲ್ಲಿಗೆ ಕೊಡಲಿ? ಕೊಟ್ಟವರು ಅನುಭವ ಹೇಳಿ

ನಮ್ಮೂರು ಅಥಣಿ ತಾಲ್ಲೂಕಿನಲ್ಲಿ. ಇಂಜಿನಿಯರಿಂಗ್ ಓದಿದ್ದು ಬೆಳಗಾವಿ, ಕೆಲಸ ಬೆಂಗಳೂರು, ವಯಸ್ಸು 29. ಮನೆಯ ಸಾಲ ಹೋದ ವರ್ಷ ತೀರಿತು. ಇನ್ನು ಮುಂದೆ ಸಂಬಳದ ಹತ್ತರಲ್ಲೊಂದು ಪಾಲು ಕೊಟ್ಟುಬಿಡಬೇಕು ಅಂತ ನಿರ್ಧಾರ ಮಾಡಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ. ಎಲ್ಲಿಗೆ ಅನ್ನೋದು ಮಾತ್ರ ಬಗೆಹರಿಯುತ್ತಿಲ್ಲ.

ಆಫೀಸಿನ ಗೆಳೆಯರಿಬ್ಬರು ಎಫೆಕ್ಟಿವ್ ಆಲ್ಟ್ರುಯಿಸಂ ವಿಚಾರದವರು. ಕೊಡುವ ರೂಪಾಯಿಯಿಂದ ಅತಿ ಹೆಚ್ಚು ಒಳಿತು ಎಲ್ಲಿ ಆಗುತ್ತದೆ ಅಂತ ಲೆಕ್ಕ ಹಾಕಿ ಅಲ್ಲಿಗೇ ಕೊಡಬೇಕು ಅನ್ನೋದು ಅವರ ಮೂಲ ಮಾತು. ಆದರೆ ಅವರಿಬ್ಬರಲ್ಲೇ ಒಮ್ಮತ ಇಲ್ಲ. ಗೆಳೆಯ ಮಲೇರಿಯಾ ಸೊಳ್ಳೆಪರದೆ, ಮಕ್ಕಳ ಲಸಿಕೆ ಅಂತಾನೆ. ಗೆಳತಿ, ಎಐ (ಕೃತಕ ಬುದ್ಧಿಮತ್ತೆ) ಕೈಮೀರಿದರೆ ಉಳಿದ ಯಾವ ಒಳಿತೂ ಉಳಿಯೋದಿಲ್ಲ, ಅದನ್ನು ತಡೆಯುವ ಸಂಶೋಧನೆಗೆ, ಕಾನೂನು ರೂಪಿಸುವ ಕೆಲಸಕ್ಕೆ ಕೊಡು ಅಂತಾಳೆ. ಊರಲ್ಲಿ ಅಪ್ಪ ಗುಡಿ ಜೀರ್ಣೋದ್ಧಾರದ ಪಾವತಿ ಪುಸ್ತಕ ಹಿಡಿದು ಕೂತಿದ್ದಾರೆ. ನೀವು ಹೇಗೆ ತೀರ್ಮಾನ ಮಾಡಿದಿರಿ, ಆಮೇಲೆ ಏನಾಯಿತು, ಹೇಳಿ.

ಬೈಲಹೊಂಗಲ ಕಡೆ, ನಿವೃತ್ತ ಎಎನ್‌ಎಂ (ಹಳ್ಳಿಯ ನರ್ಸ್)

ಲೆಕ್ಕ ಹಾಕಿ ಕೊಡೋದು ಪರದೇಶದ ವಿಚಾರ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ನಮ್ಮ ಬೆಳಗಾವಿ ಜಿಲ್ಲಾದ ಹಳ್ಳಿಗೋಳನ್ಯಾಗ 2002ರಿಂದ 2005ರ ತನಕ ಒಂದು ಪರೀಕ್ಷಾ ನಡೀತು. ಹೆರಿಗಿ ಆದ ಮ್ಯಾಲೆ ರಕ್ತ ನಿಲ್ಲದ ತಾಯಂದಿರು ಸಾಯತಿದ್ರು. ದವಾಖಾನಿ ದೂರ, ರಕ್ತ ನಿಲ್ಲಿಸೋ ಇಂಜೆಕ್ಷನ್ನಿಗೆ ಫ್ರಿಜ್ ಬೇಕು, ಹಳ್ಳ್ಯಾಗ ಫ್ರಿಜ್ ಎಲ್ಲಿಂದ ತರೋದು? ಮಿಸೊಪ್ರೊಸ್ಟಾಲ್ ಗುಳಿಗಿಗೆ ಅದ್ಯಾವುದೂ ಬೇಕಿಲ್ಲ. 1,620 ತಾಯಂದಿರಿಗೆ, ಅರ್ಧ ಮಂದಿಗೆ ಖರೇ ಗುಳಿಗಿ, ಅರ್ಧ ಮಂದಿಗೆ ಅದರಂಗ ಕಾಣೋ, ಔಷಧಿ ಇಲ್ಲದ ಬರೇ ಗುಳಿಗಿ. ಕೊಡೋ ನರ್ಸಿಗೂ ಯಾವುದು ಯಾವುದು ಗೊತ್ತಿರಲಿಲ್ಲ. ಹೆಚ್ಚು ರಕ್ತ ಹೋಗೋದು ನೂರಕ್ಕ 12 ಇದ್ದದ್ದು 6.4ಕ್ಕ ಇಳೀತು. 18 ಮಂದಿಗೆ ಗುಳಿಗಿ ಕೊಟ್ರ ಒಬ್ಬಾಕಿಗೆ ಆ ಗಂಡಾಂತರ ತಪ್ಪತದ. 2011ರಾಗ ವಿಶ್ವ ಆರೋಗ್ಯ ಸಂಸ್ಥೆ ಆ ಗುಳಿಗಿನ ಈ ಕೆಲಸಕ್ಕ ಅಗತ್ಯ ಔಷಧಿ ಪಟ್ಟಿಗೆ ಸೇರಿಸ್ತು.

ನಾನು ನನ್ನ ಪಿಂಚಣಿಯಿಂದ ಕೊಡೋದು ತಾಯಿ-ಮಕ್ಕಳ ಕೆಲಸಕ್ಕ ಅಷ್ಟ. ಎಐ ಬಗ್ಗೆ ನನಗ ತಿಳುವಳಿಕಿ ಇಲ್ಲ, ಅದಕ್ಕ ಏನೂ ಅನ್ನೂದಿಲ್ಲ. ಆದ್ರ ರೊಕ್ಕ ಕೇಳಾಕ ಬಂದವ್ರಿಗೆ ಒಂದು ಪ್ರಶ್ನೆ ಹಾಕ್ತೀನಿ: ನೀವು ಇದನ್ನ ಮಾಡದಿದ್ರ ಏನಾಗತಿತ್ತು? ಇದಕ್ಕ ತಡವರಿಸೋರ ಭಾಳ ಮಂದಿ.

ತೇರದಾಳ–ಅಥಣಿ ನಡುವಿನ ಒಂದು ಹಳ್ಳಿ, ನಿವೃತ್ತ ಶಿಕ್ಷಕ

ನಿಮ್ಮ ಗೆಳತಿಯ ಮಾತು ಓದಿದಾಗ ನನಗೆ ನೆನಪಾಗಿದ್ದು ಬೋರು, ಅಂದರೆ ಕೊಳವೆಬಾವಿ. ಅದೂ ಒಂದು ತಂತ್ರಜ್ಞಾನವೇ. ನಮ್ಮ ಕಡೆಯ ಹೊಲಗಳಿಗೆ ನೀರು ಕೊಟ್ಟಿತು, ಮದುವೆ ಮಾಡಿಸಿತು, ಮಕ್ಕಳನ್ನು ಓದಿಸಿತು. ಬತ್ತಿದ ಮೇಲೆ ಆ ತೂತನ್ನು ಏನು ಮಾಡಬೇಕು ಅಂತ ಕೊರೆಯುವ ದಿನ ಯಾರೂ ಕೇಳಲಿಲ್ಲ.

2014ರ ಆಗಸ್ಟ್‌ನಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ ಬಿದ್ದ. 2017ರ ಏಪ್ರಿಲ್‌ನಲ್ಲಿ ನಮ್ಮದೇ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ. ಇಬ್ಬರೂ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗು ಸುಮಾರು 20 ತಾಸಿನ ಮೇಲೆ ಜೀವಂತ ಬಂತು, ಇಡೀ ರಾಜ್ಯ ಕಣ್ಣೀರು ಒರೆಸಿಕೊಂಡಿತು. ಬಾಗಲಕೋಟೆ, ಬೆಳಗಾವಿ, ವಿಜಯಪುರ, ಮೂರೂ ಜಿಲ್ಲೆ ಆಯಿತು.

ನಿಯಮ ಇರಲಿಲ್ಲವೇ? ಇತ್ತು. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು: ಕೊರೆಯುವ 15 ದಿನ ಮೊದಲು ತಿಳಿಸಬೇಕು, ಸುತ್ತ ತಂತಿಬೇಲಿ ಹಾಕಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಬಿಗಿಯಬೇಕು, ಕೈಬಿಟ್ಟ ಬೋರನ್ನು ತಳದಿಂದ ಮಣ್ಣು-ಕಲ್ಲು ತುಂಬಿ ಮುಚ್ಚಬೇಕು. ಆ ಮೂರು ಮಕ್ಕಳೂ ಬಿದ್ದದ್ದು ಈ ಆದೇಶ ಬಂದ ಮೇಲೆ.

ಝುಂಜರವಾಡದ ನಂತರ ನನಗೆ ನಿದ್ದೆ ಬರಲಿಲ್ಲ. ನಿವೃತ್ತಿಯ ಹಣದಲ್ಲಿ ಸ್ವಲ್ಪ ತೆಗೆದಿಟ್ಟು, ಹಳೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಸುತ್ತಲಿನ ನಾಲ್ಕು ಹಳ್ಳಿ ಹೊಲ ತಿರುಗಿದೆ. 43 ಬಾಯಿ ತೆರೆದ ಬೋರು ಸಿಕ್ಕವು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕೇಸಿಂಗ್ ಪೈಪನ್ನೇ ಕಿತ್ತು ಬೇರೆ ಬೋರಿಗೆ ಹಾಕಿದ್ದರು. ಪೈಪು ಕಿತ್ತರೆ ಬಾಯಿ ಇನ್ನೂ ಅಗಲವಾಗುತ್ತದೆ, ಅಂಚಿನ ಮಣ್ಣು ಕುಸಿಯುತ್ತದೆ. ವೆಲ್ಡಿಂಗ್ ಮುಚ್ಚಳಕ್ಕೆ ನಮಗೆ ಬಿದ್ದದ್ದು ಒಂದಕ್ಕೆ ಸುಮಾರು 600 ರೂಪಾಯಿ. 38 ಮುಚ್ಚಿದೆವು. ಐದು ಜನ ಬೇಡ ಅಂದರು, ಮಳೆಯಾದರೆ ನೀರು ಬರಬಹುದು ಅನ್ನೋ ಆಸೆ ಅವರಿಗೆ.

ಎರಡು ವರ್ಷದ ಮೇಲೆ ಮತ್ತೆ ತಿರುಗಿದಾಗ ಹೊಸದಾಗಿ 20ಕ್ಕೂ ಹೆಚ್ಚು ತೂತು. ಆಗ ತಿಳಿಯಿತು, ನಾನು ಹಿಡಿದದ್ದು ತಪ್ಪು ತುದಿ. ಬೋರ್ ಲಾರಿಯ ಏಜೆಂಟರ ಮನೆಗೆ ಹೋದೆ. ನೀರು ಬೀಳದಿದ್ದರೆ ಲಾರಿ ಹೊಲ ಬಿಡುವ ಮೊದಲು ಮುಚ್ಚಳ ಬಿಗಿಯಲೇಬೇಕು, ಅದರ ಹಣ ಮೊದಲೇ ಬಿಲ್ಲಿನಲ್ಲಿ ಸೇರಿರಬೇಕು ಅಂತ ಗೋಗರೆದೆ. ಮೂವರಲ್ಲಿ ಇಬ್ಬರು ಒಪ್ಪಿದರು. ಒಂದು ಮಧ್ಯಾಹ್ನದ ಆ ಮಾತುಕತೆ ಎರಡು ವರ್ಷದ ವೆಲ್ಡಿಂಗಿಗಿಂತ ಹೆಚ್ಚು ಕೆಲಸ ಮಾಡಿತು.

ಆದ್ದರಿಂದ ಎಐ ತಯಾರಿಸುವವರ ಬಾಗಿಲಲ್ಲೇ, ಹೊರಗೆ ಬಿಡುವ ಮೊದಲೇ ನಿಯಮ ಇರಲಿ ಅನ್ನುವವರ ಮಾತು ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ನೀತಿಗೆ ಹಣ ಕೊಡುವುದಾದರೆ, ಆ ಕಾಗದವನ್ನು ಹಿಡಿದು ಹೊಲಕ್ಕೆ ನಡೆದು ಹೋಗುವವರು ಯಾರು ಅಂತಲೂ ಕೇಳಿ. ನಾನು ಎಷ್ಟು ಮಕ್ಕಳನ್ನು ಉಳಿಸಿದೆ ಅಂತ ಕೇಳಿದರೆ ಉತ್ತರ ಇಲ್ಲ. ಒಬ್ಬರೂ ಇಲ್ಲದಿರಬಹುದು.

ಗುಡಿಯ ಪಾವತಿಯನ್ನು ಈ ಹತ್ತನೇ ಪಾಲಿನಿಂದ ಕೊಡಬೇಡಿ, ಬೇರೆ ಹಣದಿಂದ ಅಪ್ಪನ ಹೆಸರಲ್ಲಿ ಕೊಡಿ. ಅದು ಊರಿನ ಋಣ, ಲೆಕ್ಕದ ತಕ್ಕಡಿಗೆ ಹಾಕಿದರೆ ಅಪ್ಪನಿಗೂ ನೋವು.

ವಿಜಯಪುರ ಮೂಲ, ಈಗ ದೆಹಲಿಯಲ್ಲಿ ನೀತಿ ಸಂಶೋಧನೆ

ಮೇಷ್ಟ್ರೇ, ಈ ಇಡೀ ವಿಚಾರದ ಬೇರಿನಲ್ಲೂ ಒಂದು ಮಗುವೇ ಇದೆ. ಪೂರ್ವ ಬಂಗಾಳದಲ್ಲಿ 1971ರಲ್ಲಿ ಲಕ್ಷಾಂತರ ಜನ ನಿರಾಶ್ರಿತರಾದಾಗ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಒಂದು ಪ್ರಬಂಧ ಬರೆದರು, 1972ರಲ್ಲಿ ಅಚ್ಚಾಯಿತು. ಕಣ್ಣೆದುರು ಹೊಂಡದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾಗುತ್ತದೆ ಅಂತ ನಿಲ್ಲುತ್ತೀರಾ? ಇಲ್ಲ ಅಂದರೆ, ದೂರದಲ್ಲಿ ಸಾಯುತ್ತಿರುವ ಮಗುವಿನ ವಿಷಯದಲ್ಲಿ ದೂರ ಯಾಕೆ ನೆಪವಾಗಬೇಕು? ಅಲ್ಲಿಂದ ಮುಂದೆ 2007ರಲ್ಲಿ, ಕೊಟ್ಟ ಹಣದಿಂದ ಯಾವ ಸಂಸ್ಥೆ ಎಷ್ಟು ಒಳಿತು ಮಾಡುತ್ತದೆ ಅಂತ ಅಳೆದು ಪಟ್ಟಿ ಮಾಡುವ ಗಿವ್‌ವೆಲ್, 2009ರಲ್ಲಿ ಹತ್ತನೇ ಪಾಲಿನ ಪ್ರತಿಜ್ಞೆಯ ಗಿವಿಂಗ್ ವಾಟ್ ವಿ ಕ್ಯಾನ್ ಬಂದವು. ತನ್ನ ಪಟ್ಟಿಯ ಮೇಲ್ಸಾಲಿನ ಸಂಸ್ಥೆಗಳ ಮೂಲಕ ಒಂದು ಜೀವ ಉಳಿಸಲು ಸುಮಾರು 3,000ದಿಂದ 5,500 ಡಾಲರ್ ಬೇಕು ಅನ್ನೋದು ಗಿವ್‌ವೆಲ್ ಅಂದಾಜು. ನಿಮ್ಮ ಗೆಳೆಯ ನಿಂತಿರೋದು ಈ ನೆಲದ ಮೇಲೆ.

ಗೆಳತಿ ಕೇಳುವ ಪ್ರಶ್ನೆ ಬೇರೆ. ದೂರ ನೆಪವಾಗಬಾರದು ಅಂದರೆ ಕಾಲವೂ ನೆಪವಾಗಬಾರದಲ್ಲ, ಇನ್ನೂ ಹುಟ್ಟದ ಮಕ್ಕಳ ಕಥೆ ಏನು? ತತ್ವಶಾಸ್ತ್ರಜ್ಞ ಟೋಬಿ ಆರ್ಡ್ 2020ರಲ್ಲಿ ಈ ಶತಮಾನದಲ್ಲಿ ಮನುಕುಲದ ಭವಿಷ್ಯವೇ ಮುರಿದುಬೀಳುವ ಸಾಧ್ಯತೆಯನ್ನು ಆರರಲ್ಲಿ ಒಂದು ಅಂದರು, ಎಐನಿಂದ ಮಾತ್ರವೇ ಹತ್ತರಲ್ಲಿ ಒಂದು. ಇದು ಅಳೆದ ಸಂಖ್ಯೆ ಅಲ್ಲ, ಅವರ ವಿವೇಚನೆ. ಬೈಲಹೊಂಗಲದ ಅಕ್ಕ ಹೇಳಿದ 6.4 ಇದೆಯಲ್ಲ, ಅದಕ್ಕೂ ಇದಕ್ಕೂ ಅಜಗಜಾಂತರ. ಜಗಳ ಇರೋದೇ ಇಲ್ಲಿ: ಗಟ್ಟಿ ಪುರಾವೆ ಇರುವ ಸಣ್ಣದಕ್ಕೆ ಕೊಡಬೇಕೋ, ಪುರಾವೆ ತೆಳುವಾದರೂ ತಪ್ಪಿದರೆ ಎಲ್ಲವೂ ಹೋಗುವ ದೊಡ್ಡದಕ್ಕೆ ಕೊಡಬೇಕೋ.

ಎಐ ಅಪಾಯ ನಿಜ ಅನ್ನುವವರಲ್ಲೂ ದಾರಿ ಒಂದೇ ಅಲ್ಲ. 2023ರ ಮಾರ್ಚ್‌ನಲ್ಲಿ, ಇನ್ನೂ ದೊಡ್ಡ ಎಐ ತಯಾರಿಸುವುದನ್ನು ಆರು ತಿಂಗಳು ತಡೆಯಿರಿ ಅನ್ನುವ ಪತ್ರ ಬಂತು. ಮೇ ತಿಂಗಳಲ್ಲಿ ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ ಅಂಥ ಎಐ ವಿಜ್ಞಾನಿಗಳು ಎಐನಿಂದ ಬರಬಹುದಾದ ವಿನಾಶವನ್ನು ಮಹಾಮಾರಿ, ಅಣುಯುದ್ಧಗಳ ಸಾಲಿನಲ್ಲಿಟ್ಟು ನೋಡಬೇಕು ಅನ್ನುವ ಹೇಳಿಕೆಗೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಎಐ ಸುರಕ್ಷತೆಯ ಬ್ಲೆಚ್ಲಿ ಘೋಷಣೆಗೆ ಭಾರತವೂ ಚೀನಾವೂ ಸಹಿ ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಮಾದರಿಗಳಿಗೆ ಸುರಕ್ಷತಾ ನಿಯಮ ತರುವ ಮಸೂದೆಯನ್ನು 2024ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ತಡೆದರು. ಕಂಪನಿಗಳ ಒಳಗೇ ಸೇರಿ ಸುರಕ್ಷಿತವಾಗಿ ಕಟ್ಟೋಣ ಅನ್ನುವವರಿದ್ದಾರೆ. ಹಾಗೆ ಸೇರಿದರೆ ಓಟವೇ ಇನ್ನಷ್ಟು ಜೋರಾಗುತ್ತದೆ ಅನ್ನುವವರೂ ಇದ್ದಾರೆ. ಎರಡನೆಯವರ ಮಾತೇ ನನಗೆ ಹೆಚ್ಚು ಒಪ್ಪಿಗೆ. ನನಗಿಂತ ಬಲ್ಲವರು ಮೊದಲ ಪಕ್ಷದಲ್ಲಿದ್ದಾರೆ ಅನ್ನೋದೂ ನಿಜ.

ನಾನು ಎರಡು ವರ್ಷ ಪೂರ್ತಿ ಪಾಲನ್ನು ಎಐ ಸುರಕ್ಷತೆಗೇ ಕೊಟ್ಟೆ. ವರ್ಷದ ಕೊನೆಗೆ ಬಂದ ವರದಿಯಲ್ಲಿ ಸಭೆಗಳ ಪಟ್ಟಿ ಇತ್ತು, ಯಾವ ನಿಯಮದ ಯಾವ ಸಾಲು ಬದಲಾಯಿತು ಅನ್ನೋದು ಇರಲಿಲ್ಲ. ಈಗ ಅರ್ಧ ಆರೋಗ್ಯಕ್ಕೆ, ಅರ್ಧ ನೀತಿಗೆ. ಕೋವಿಡ್ ಬರುವ ಎಷ್ಟೋ ವರ್ಷ ಮೊದಲೇ ಈ ವಿಚಾರದ ಜನ ಮಹಾಮಾರಿಯ ಸಿದ್ಧತೆಗೆ ಹಣ ಕೊಡುತ್ತಿದ್ದರು, ಆಗ ಅದೂ ದೂರದ ಮಾತಾಗಿಯೇ ಕಾಣುತ್ತಿತ್ತು. ಆ ಒಂದು ಕಾರಣಕ್ಕೆ ಪೂರ್ತಿ ಕೈಬಿಡಲು ಮನಸ್ಸು ಬರುವುದಿಲ್ಲ.

ಗುಳೇದಗುಡ್ಡ

ಸಾವಿರ ವರ್ಷದ ಮುಂದಿನ ಮಾತು ಸರಿ, ನಡುವೆ ನಾವೂ ಇದ್ದೇವೆ. ನಮ್ಮ ತಾತ ಖಣ ನೇಯುತ್ತಿದ್ದ. ವಿದ್ಯುತ್ ಮಗ್ಗ ಬಂದಾಗ ಯಾರ ಜೀವವೂ ಹೋಗಲಿಲ್ಲ, ಓಣಿಯ ಕುಣಿಮಗ್ಗದ ಸದ್ದು ಮಾತ್ರ ಒಂದೊಂದೇ ಮನೆಯಲ್ಲಿ ನಿಂತಿತು. ನನ್ನ ತಂಗಿ ಈಗ ಡೇಟಾ ಎಂಟ್ರಿ ಮಾಡುತ್ತಾಳೆ, ಅವಳ ಕಂಪನಿಯಲ್ಲಿ ಹೋದ ವರ್ಷ ಅರ್ಧ ಜನರನ್ನು ಮನೆಗೆ ಕಳಿಸಿದರು. ಎಐ ಅಪಾಯ ಅಂದರೆ ವಿನಾಶ ಒಂದೇ ಅಲ್ಲ. ನೀತಿಗೆ ಕೊಡುವವರು ಇಂಥ ಮನೆಗಳ ಹೆಸರನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ಮುಧೋಳ ತಾಲ್ಲೂಕು

2019ರ ಆಗಸ್ಟ್, ಘಟಪ್ರಭೆ ನಮ್ಮ ಮನೆ ಹೊಕ್ಕಿದ್ದಳು. ಪರಿಹಾರ ಕೇಂದ್ರಕ್ಕೆ ಲಾರಿ ಲಾರಿ ಹಳೆ ಬಟ್ಟೆ ಬಂತು, ಮಳೆಯಲ್ಲಿ ನೆಂದು ಕೊಳೆಯಿತು. ನಮಗೆ ಬೇಕಾಗಿದ್ದು ಗೋಡೆ ಎಬ್ಬಿಸುವ ಗೌಂಡಿಯ ಕೂಲಿ, ಎಮ್ಮೆಗೆ ಹೊಟ್ಟು. ಒಬ್ಬ ಪುಣ್ಯಾತ್ಮ ಯಾವ ಪ್ರಶ್ನೆಯೂ ಕೇಳದೆ ಖಾತೆಗೆ 10,000 ಹಾಕಿದ. ಅದರಲ್ಲೇ ಗೋಡೆ ಎದ್ದಿತು. ನಾನೀಗ ಕೊಡುವುದಾದರೆ ರೊಕ್ಕವನ್ನೇ ಕೊಡುತ್ತೇನೆ, ವಸ್ತು ಕೊಡುವುದಿಲ್ಲ.

ಬಸವನ ಬಾಗೇವಾಡಿ, ಲೆಕ್ಕಪರಿಶೋಧಕ

ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರೂ ಹೇಳಿದ್ದಾರೆ, ಎಲ್ಲಿಂದ ಬರುತ್ತದೆ ಅನ್ನೋದನ್ನು ಯಾರೂ ಎತ್ತಲಿಲ್ಲ. ಕೊಡುವುದಕ್ಕಾಗಿಯೇ ಹೆಚ್ಚು ಗಳಿಸು ಅನ್ನುವ ಮಾತು ಈ ವಿಚಾರದಲ್ಲಿ ಒಂದು ಕಾಲಕ್ಕೆ ತುಂಬಾ ಜೋರಾಗಿತ್ತು. ಅದರ ದೊಡ್ಡ ಮುಖವಾಗಿದ್ದ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ನ ಕ್ರಿಪ್ಟೋ ವಹಿವಾಟಿನ ಕಂಪನಿ ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ಕುಸಿಯಿತು. ಗ್ರಾಹಕರ ಹಣ ಬಳಸಿದ ವಂಚನೆಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಜೈಲಾಯಿತು. ಆ ಹಣದ ಮೇಲೆ ನಿಂತಿದ್ದ ದಾನದ ಯೋಜನೆಗಳೂ ಒಂದೇ ವಾರದಲ್ಲಿ ಮುಳುಗಿದವು.

ನಮ್ಮಲ್ಲಿ ಈ ಪ್ರಶ್ನೆಗೆ ಹನ್ನೆರಡನೇ ಶತಮಾನದಲ್ಲೇ ಲಕ್ಕಮ್ಮ ಉತ್ತರ ಕೊಟ್ಟಿದ್ದಾಳೆ. ದಿನದ ದಾಸೋಹಕ್ಕೆ ಬೇಕಾದಷ್ಟೇ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದ. ಹೋಗಿ ಅಲ್ಲೇ ಸುರಿದು ಬಾ ಅಂದಳು. ಹೆಚ್ಚಿದ್ದರೆ ಹೆಚ್ಚು ಜನ ಉಣ್ಣಬಹುದಿತ್ತು ಅನ್ನುವ ಲೆಕ್ಕ ಅವಳಿಗೂ ಬರುತ್ತಿತ್ತು. ನಾನು ಈ ಕಥೆಯನ್ನು ಇಪ್ಪತ್ತು ವರ್ಷದಿಂದ ಕಕ್ಷಿದಾರರಿಗೆ ಹೇಳುತ್ತಿದ್ದೇನೆ.

ತೆರಿಗೆಯದ್ದು ಎರಡು ಮಾತು. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ (80ಜಿ ಎಂದೇ ಹೆಸರಾದದ್ದು) ಇಲ್ಲ. ಹಳೆಯದರಲ್ಲಿ ನೋಂದಾಯಿತ ಸಂಸ್ಥೆಗೆ ಕೊಟ್ಟದ್ದಕ್ಕಷ್ಟೇ ಉಂಟು, ನಗದಾಗಿ 2,000 ರೂಪಾಯಿ ಮೀರಿದರೆ ಅದೂ ಇಲ್ಲ. ವಿದೇಶದ ಸಂಸ್ಥೆಗೆ ನೇರ ಕಳಿಸಿದ್ದಕ್ಕೆ ವಿನಾಯಿತಿ ಸಿಗದು. ಕೊಡುವ ಮನಸ್ಸು ಅದರಿಂದ ಬದಲಾಗಬಾರದು, ಆದರೆ ಮಾರ್ಚ್‌ನಲ್ಲಿ ಗಾಬರಿಯಾಗಬೇಡಿ.

ಕೇಳಿದವನು

ಎಲ್ಲರಿಗೂ ಶರಣು. ಮೂರು ಸಲ ಓದಿದೆ. ಮೊದಲ ವರ್ಷ ಹೀಗೆ ಮಾಡುತ್ತೇನೆ: ಪಾಲಿನ ಮುಕ್ಕಾಲು ತಾಯಿ-ಮಕ್ಕಳ ಆರೋಗ್ಯಕ್ಕೆ, ಕಾಲುಭಾಗ ಎಐ ನೀತಿಯ ಕೆಲಸಕ್ಕೆ. ಆ ಕಾಲುಭಾಗ ಕೊಡುವಾಗ, ಯಾವ ಸಾಲು ಬದಲಾಯಿತು ಅಂತ ವರ್ಷದ ಕೊನೆಗೆ ಕೇಳುತ್ತೇನೆ ಅಂತ ಮೊದಲೇ ಬರೆದು ಕಳಿಸುತ್ತೇನೆ. ಗುಡಿಗೆ ಬೇರೆ, ಅಪ್ಪನ ಹೆಸರಲ್ಲಿ. ಗೆಳತಿಗೆ ಇದು ಸಮಾಧಾನ ಇಲ್ಲ, ಕಾಲುಭಾಗ ಕಡಿಮೆಯಾಯಿತು ಅಂತ ನಿನ್ನೆ ರಾತ್ರಿ ಒಂದು ತಾಸು ವಾದ ಮಾಡಿದಳು. ಅವಳು ಹೇಳಿದ್ದರಲ್ಲಿ ಹುರುಳಿದೆ, ಬರುವ ವರ್ಷ ಮತ್ತೆ ಕೂತು ನೋಡುತ್ತೇವೆ.

ಮೇಷ್ಟ್ರ ಉತ್ತರ ಓದಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ, ನಮ್ಮ ಹೊಲದಲ್ಲಿ ಬತ್ತಿದ ಬೋರು ಎಷ್ಟಿವೆ ಅಂತ ಕೇಳಿದೆ. ಮೂರು ಅಂದರು. ಎರಡಕ್ಕೆ ಮುಚ್ಚಳ ಇದೆಯಂತೆ. ಬಾಳೆತೋಟದ ಪಕ್ಕದ್ದರ ಮೇಲೆ ಗೋಣಿಚೀಲ ಹಾಸಿ ಕಲ್ಲು ಹೇರಿದ್ದಾರಂತೆ, ಪೈಪು ಕಿತ್ತು ನಾಲ್ಕು ವರ್ಷವಾಯಿತಂತೆ. ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತಿದ್ದೇನೆ. ಮೇಷ್ಟ್ರೇ, ಪೈಪು ಕಿತ್ತ ಬೋರಿಗೆ ಮುಚ್ಚಳ ಸಾಕೋ, ತಳದಿಂದ ತುಂಬಲೇಬೇಕೋ? ತುಂಬುವುದಾದರೆ ಎಷ್ಟು ಟ್ರಾಲಿ ಕಲ್ಲು-ಮಣ್ಣು ಹೇಳಿಡಲಿ?