ಕೊರ್ಲೆಯೋನೆಯವರ ಒಗ್ಗಟ್ಟು: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ರಘು ಮಾವ: (ಫಾರ್ವರ್ಡ್) "ಇಟಲಿಯ ಸಿಸಿಲಿ ದ್ವೀಪದ ಸಣ್ಣ ಊರುಗಳ ಬಡವರು ಅಮೆರಿಕಕ್ಕೆ ಹೋದರು. ಅಲ್ಲಿ ಅವರಿಗೆ ದಿಕ್ಕಿರಲಿಲ್ಲ. ಒಂದೇ ಊರಿನವರು ಒಬ್ಬರಿಗೊಬ್ಬರು ನಿಂತರು. ಮಾಫಿಯಾದ ಬೇರು ಅಲ್ಲಿದೆ. ಊರಿನವನನ್ನು ಊರಿನವನು ಎಂದೂ ಬಿಟ್ಟುಕೊಡಲಿಲ್ಲ. ರಾಜಕೀಯ ಅವರಿಗೆ ಬೇಕಿರಲಿಲ್ಲ, ಹೊಟ್ಟೆಪಾಡಷ್ಟೇ. ಓದಿ, ಹತ್ತು ಜನಕ್ಕೆ ಕಳಿಸಿ."

ರಘು ಮಾವ: ದಾರಿ ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಊರಿನವರ ಕೈ ಬಿಡಲಿಲ್ಲ ನೋಡಿ. ಅದು ದೊಡ್ಡದು.

ಶೈಲಾ ಅತ್ತೆ: ಚೆನ್ನಾಗಿದೆ ರೀ. ಬೆಳಿಗ್ಗೆ ಬೆಳಿಗ್ಗೆ ಮಾಫಿಯಾ ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.

ವಿದ್ಯಾ: ಮಾವ, ಮೊದಲ ಎರಡು ಸಾಲು ಸರಿ. ಆಮೇಲಿನದು ಸರಿಯಿಲ್ಲ. ಕೈ ಬಿಡಲಿಲ್ಲ ಅನ್ನುವುದಂತೂ ಶುದ್ಧ ಸುಳ್ಳು.

ರಘು ಮಾವ: ಒಂದೇ ಏಟಿಗೆ ಸುಳ್ಳು ಅಂದುಬಿಟ್ಟರೆ ಹೇಗಮ್ಮ? ಒಂದು ಉದಾಹರಣೆ ಕೊಡು.

ವಿದ್ಯಾ: ಕೊಡುತ್ತೇನೆ. ಜುಸೆಪ್ಪೆ ಮೊರೆಲ್ಲೊ. ಸಿಸಿಲಿಯ ಕೊರ್ಲೆಯೋನೆ ಊರಿನವನು. 1890ರ ದಶಕದಲ್ಲಿ ಅಮೆರಿಕಕ್ಕೆ ಬಂದ. ನ್ಯೂಯಾರ್ಕಿನ ಮೊದಲ ದೊಡ್ಡ ಮಾಫಿಯಾ ಗುಂಪು ಅವನದ್ದು. ಅವನು 1902ರಲ್ಲಿ ಒಂದು ಸಹಕಾರಿ ಸಂಘ ತೆರೆದ. ಇಗ್ನಾತ್ಸ್ ಫ್ಲೋರಿಯೊ ಅಸೋಸಿಯೇಷನ್ ಅಂತ. ಸಂಘದ ಹೆಸರಿನಲ್ಲೇ "ಕೊರ್ಲೆಯೋನೆಯವರ ನಡುವಿನ" ಅಂತ ಸೇರಿಸಿದ್ದರು. ಕೂಲಿ ಮಾಡುವವರು, ಕ್ಷೌರಿಕರು, ಸಣ್ಣ ಅಂಗಡಿಯವರು ಷೇರು ಕೊಂಡರು. ನಮ್ಮ ಊರಿನವನು, ಮೋಸ ಮಾಡಲ್ಲ ಅನ್ನುವ ನಂಬಿಕೆ. ಆ ದುಡ್ಡಲ್ಲಿ ಮನೆಗಳನ್ನು ಕಟ್ಟಿ ಮಾರುವ ವ್ಯವಹಾರ. 1907ರ ಬ್ಯಾಂಕುಗಳ ಬಿಕ್ಕಟ್ಟಿನಲ್ಲಿ ಎಲ್ಲ ಮುಳುಗಿತು. ಹಾಕಿದವರ ದುಡ್ಡು ಹೋಯಿತು.

ಕಿರಣ: ಇರು ವಿದ್ಯಾ. 1907ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಟ್ರಸ್ಟ್ ಕಂಪನಿಗಳೇ ಬಿದ್ದವು. ಅದನ್ನೂ ಮೊರೆಲ್ಲೊ ತಲೆಗೆ ಕಟ್ಟಿದರೆ ಅನ್ಯಾಯ ಅಲ್ವಾ?

ವಿದ್ಯಾ: ಬಿಕ್ಕಟ್ಟು ಅವನು ತಂದದ್ದಲ್ಲ ಕಿರಣಣ್ಣ. ಆಮೇಲೆ ಮಾಡಿದ್ದನ್ನು ನೋಡು. ನಷ್ಟ ತುಂಬಿಕೊಳ್ಳಲು ಖೋಟಾ ನೋಟು ಅಚ್ಚು ಹಾಕಿಸಿದ. ಹೈಲ್ಯಾಂಡ್ ಅನ್ನುವ ಹಳ್ಳಿಯ ಕಡೆ ಒಂಟಿ ಮನೆ ಹಿಡಿದು, ಕೆಲಸ ಹುಡುಕುತ್ತಿದ್ದ ಒಬ್ಬ ಬಡ ಮುದ್ರಕನನ್ನು ಅಲ್ಲಿ ಕೂರಿಸಿದರು. ಬಂದ ಮೇಲೆ ಅವನಿಗೆ ಬಿಟ್ಟು ಹೋಗುವ ಹಾಗಿರಲಿಲ್ಲ. 1910ರಲ್ಲಿ ಅದೇ ಮುದ್ರಕ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಮೊರೆಲ್ಲೊಗೆ 25 ವರ್ಷ, ಅವನ ಭಾವ ಲೂಪೊಗೆ 30 ವರ್ಷ ಜೈಲು ಶಿಕ್ಷೆಯಾಯಿತು.

ರಘು ಮಾವ: ಒಬ್ಬ ಕೆಟ್ಟವನು ಇದ್ದ, ಅಷ್ಟೇ. ಅದರಿಂದ ಊರಿನ ನಂಟು ಕೆಟ್ಟದ್ದು ಅಂತ ಹೇಗೆ ಹೇಳುತ್ತೀಯ?

ವಿದ್ಯಾ: ಊರಿನ ನಂಟು ಕೆಟ್ಟದ್ದು ಅಂತ ನಾನು ಹೇಳಲೇ ಇಲ್ಲ ಮಾವ! ಆ ನಂಟಿನ ಒಡೆತನವನ್ನು ಈ ಫಾರ್ವರ್ಡ್ ಮಾಫಿಯಾಕ್ಕೆ ಬರೆದುಕೊಟ್ಟಿದೆ. ನನ್ನ ಸಿಟ್ಟು ಅದಕ್ಕೆ. ಅದೇ ಕೊರ್ಲೆಯೋನೆಯಲ್ಲಿ ಬೆರ್ನಾರ್ದಿನೊ ವೆರ್ರೊ ಅನ್ನುವವರು ಇದ್ದರು. ಮೊರೆಲ್ಲೊನ ಓರಗೆಯವರು. ಅವರ ಹೆಸರು ಇಂಥ ಮೆಸೇಜುಗಳಲ್ಲಿ ಬರುವುದೇ ಇಲ್ಲ.

ಶೈಲಾ ಅತ್ತೆ: ಯಾರು ಅವರು? ಹೇಳು.

ವಿದ್ಯಾ: ಅತ್ತೆ, ಆಗ ಸಿಸಿಲಿಯ ಒಳನಾಡಿನಲ್ಲಿ ದೊಡ್ಡ ದೊಡ್ಡ ಜಮೀನಿನ ಒಡೆಯರು ಪಾಲೆರ್ಮೊ ನಗರದಲ್ಲಿ ಆರಾಮಾಗಿ ಇರುತ್ತಿದ್ದರು. ಅವರ ಭೂಮಿಯನ್ನು ಗುತ್ತಿಗೆದಾರರು ಹಿಡಿದು, ತುಂಡು ಮಾಡಿ ರೈತರಿಗೆ ಕೊಡುತ್ತಿದ್ದರು. ಅವರಿಗೆ ಗಬೆಲ್ಲೊತಿ ಅಂತ ಹೆಸರು. ಬೆಳೆಯಲ್ಲಿ ಸಿಂಹಪಾಲು ಅವರಿಗೇ. ಹೊಲ ಕಾಯುವ ಬಂದೂಕಿನವರೂ ಅವರವರೇ. ಮಾಫಿಯಾ ಬೆಳೆದದ್ದು ಈ ಗುತ್ತಿಗೆದಾರರು, ಕಾವಲುಗಾರರ ನಡುವೆ. ಅಂದರೆ ಬಡವರ ಮೇಲೆ ಕೂತು. ಇದರ ವಿರುದ್ಧ 1890ರ ದಶಕದ ಶುರುವಿನಲ್ಲಿ ರೈತರು, ಕೂಲಿಗಳು ಊರೂರಲ್ಲಿ ಸಂಘ ಕಟ್ಟಿದರು. ಫಾಶಿ ಅಂತ ಕರೆಯುತ್ತಿದ್ದರು. ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಎಷ್ಟೋ ವರ್ಷದ ಮೇಲಿನ ಮಾತು. ಕೊರ್ಲೆಯೋನೆಯ ಫಾಶಿಗೆ ವೆರ್ರೊ ಮುಂದಾಳು. 1893ರಲ್ಲಿ ಅಲ್ಲೇ ರೈತರ ಸಭೆ ಸೇರಿ, ಪಾಲು ಎಷ್ಟು, ಕೂಲಿ ಎಷ್ಟು ಅಂತ ಬರವಣಿಗೆಯ ಕರಾರು ಸಿದ್ಧಮಾಡಿದರು. ಮುಷ್ಕರ ಹೂಡಿದರು. 1894ರ ಜನವರಿಯಲ್ಲಿ ಪ್ರಧಾನಿ ಕ್ರಿಸ್ಪಿ ಸೇನೆ ಕಳಿಸಿ ಎಲ್ಲವನ್ನೂ ತುಳಿದುಹಾಕಿದರು.

ಕಿರಣ: ನೀನು ಅರ್ಧ ಕಥೆ ಹೇಳುತ್ತಿದ್ದೀಯ. ಇದೇ ವೆರ್ರೊ 1893ರಲ್ಲಿ ಊರಿನ ಮಾಫಿಯಾಕ್ಕೆ ಸೇರಿದ್ದರು. ಬೆರಳು ಚುಚ್ಚಿ ಪ್ರಮಾಣ ಮಾಡಿದ್ದನ್ನು ಅವರೇ ಬರೆದಿಟ್ಟಿದ್ದಾರೆ. ಇನ್ನು ಬಿಸಾಕ್ವಿನೊ ಊರಿನ ಫಾಶಿಯ ಅಧ್ಯಕ್ಷ ಯಾರು? ವಿತೊ ಕಾಶೊ ಫೆರ್ರೊ! ಅವನು 1901ರಲ್ಲಿ ನ್ಯೂಯಾರ್ಕಿಗೆ ಬಂದು ಮೊರೆಲ್ಲೊ ಜೊತೆ ಸೇರಿದ. 1909ರಲ್ಲಿ ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಪೆತ್ರೊಸಿನೊ ಅವರನ್ನು ಪಾಲೆರ್ಮೊದಲ್ಲಿ ಗುಂಡಿಟ್ಟು ಕೊಂದಾಗ ಎಲ್ಲರ ಅನುಮಾನ ಅವನ ಮೇಲೇ. ಹಾಗಾದರೆ ಸಂಘದವರು ಬೇರೆ, ಮಾಫಿಯಾ ಬೇರೆ ಅಂತ ಗೆರೆ ಎಳೆಯೋದು ಹೇಗೆ?

ರಘು ಮಾವ: ಹಾಂ! ಈಗ ಹೇಳು.

ವಿದ್ಯಾ: ಕಿರಣಣ್ಣ ಹೇಳಿದ್ದು ನಿಜ. ಮುಷ್ಕರಕ್ಕೆ ಬಲ ಬೇಕಿತ್ತು, ವೆರ್ರೊ ಆ ಬಾಗಿಲಿಗೆ ಹೋದರು. ನನ್ನ ಪ್ರಕಾರ ಅದು ತಪ್ಪು ಹೆಜ್ಜೆ. ಆದರೆ ಮುಂದೇನಾಯಿತು? ರೈತರು ಉಳದೆ ಬಿಟ್ಟ ಹೊಲಗಳನ್ನು ಅದೇ ಮಾಫಿಯಾದವರು ಉಳಲು ಹೋದರು. ಮುಷ್ಕರ ಮುರಿಯಲು ನಿಂತವರು ಅವರೇ. ವೆರ್ರೊ ಅವರನ್ನು ಬಿಟ್ಟು ಬಂದರು, ಮತ್ತೆ ಆ ಕಡೆ ತಿರುಗಲಿಲ್ಲ. ಜೈಲಿಗೆ ಹೋಗಿ ಬಂದ ಮೇಲೆ ಕೊರ್ಲೆಯೋನೆಯಲ್ಲಿ ಸಹಕಾರಿ ಸಂಘ ನಡೆಸಿದರು. ರೈತರೇ ಒಟ್ಟಾಗಿ ಜಮೀನು ಗುತ್ತಿಗೆ ಹಿಡಿಯುವುದು, ನಡುವಿನ ಗಬೆಲ್ಲೊತಿ ಬೇಡ. 1910ರಲ್ಲಿ ಅವರ ಮೇಲೆ ಗುಂಡು ಹಾರಿತು, ಉಳಿದರು. 1914ರಲ್ಲಿ ಜನ ಅವರನ್ನು ಮೇಯರ್ ಮಾಡಿದರು. 1915ರ ನವೆಂಬರ್ 3ರಂದು ಮನೆಗೆ ಹೋಗುವ ದಾರಿಯಲ್ಲಿ ಕೊಂದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ವಿದ್ಯಾ: ಮಾವ, ಒಂದೇ ಊರು. ಎರಡು ಸಹಕಾರಿ ಸಂಘ, ಹೆಚ್ಚುಕಡಿಮೆ ಒಂದೇ ಕಾಲ. ಒಂದು ಊರಿನವರ ದುಡ್ಡು ನುಂಗಿತು. ಇನ್ನೊಂದನ್ನು ನಡೆಸಿದವರು ಪ್ರಾಣ ಕೊಟ್ಟರು. ಇದರಲ್ಲಿ ಊರಿನ ಒಗ್ಗಟ್ಟು ಯಾವುದು, ನೀವೇ ಹೇಳಿ.

ಶೈಲಾ ಅತ್ತೆ: ಪಾಪ. ಮೇಯರ್ ಆದವರಿಗೇ ಕಾವಲಿರಲಿಲ್ಲವಾ?

ವಿದ್ಯಾ: ಇತ್ತು ಅನ್ನೋಣ, ಉಪಯೋಗಕ್ಕೆ ಬರಲಿಲ್ಲ ಅತ್ತೆ. ಅವರೊಬ್ಬರೇ ಅಲ್ಲ. ಸಾಂತೊ ಸ್ತೆಫಾನೊ ಕ್ವಿಸ್ಕ್ವೀನಾ ಊರಿನ ಲೊರೆಂಜೊ ಪನೆಪಿಂತೊ ಅವರನ್ನು 1911ರ ಮೇ ತಿಂಗಳಲ್ಲಿ ಕೊಂದರು. ಶಾಲಾ ಮೇಷ್ಟ್ರು, ರೈತರ ನಾಯಕ. ಆ ಊರಿನ ಎಷ್ಟೋ ಜನ ಫ್ಲೋರಿಡಾದ ಟ್ಯಾಂಪಾದಲ್ಲಿ ಸಿಗಾರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಪನೆಪಿಂತೊ ಅಲ್ಲಿಗೂ ಹೋಗಿ ಬಂದಿದ್ದರು. ಊರಿನ ನಂಟು ಸಮುದ್ರ ದಾಟಿದಾಗ ಕಾರ್ಮಿಕ ಸಂಘದ ಮಾತೂ ದಾಟಿತ್ತು. ಬರೀ ಬಂದೂಕಲ್ಲ.

ರಘು ಮಾವ: ಸರಿ, ಅದು ಸಿಸಿಲಿಯ ರಾಜಕೀಯ. ಅಮೆರಿಕದಲ್ಲಿ? ಕಾಸ್ತೆಲ್ಲಮ್ಮಾರೆಯವರ ಯುದ್ಧ ಅಂತ, ಅಲ್ಲಿನ ಮಾಫಿಯಾ ಗುಂಪುಗಳ ಕಾದಾಟ, ನಾನೂ ಓದಿದ್ದೇನೆ. ಬ್ರೂಕ್ಲಿನ್, ಬಫೆಲೊ, ಡೆಟ್ರಾಯಿಟ್ ಎಲ್ಲ ಕಡೆ ಆ ಊರಿನವರು ಒಟ್ಟಿಗೆ ನಿಂತರಲ್ಲ.

ವಿದ್ಯಾ: 1930-31ರದ್ದು. ನಿಂತರು, ಹೌದು. ಮರಂಜಾನೊ, ಬೊನಾನೊ, ಬಫೆಲೊದ ಮಗದ್ದೀನೊ, ಈ ಮುಖಂಡರೆಲ್ಲ ಸಿಸಿಲಿಯ ಕಾಸ್ತೆಲ್ಲಮ್ಮಾರೆ ದೆಲ್ ಗೋಲ್ಫೊ ಊರಿನವರೇ. ಆದರೆ ಅದೇ ಊರಿನ ಬುಚ್ಚೆಲ್ಲಾತೊ ಮನೆತನಕ್ಕೂ ಮಗದ್ದೀನೊ ಮನೆತನಕ್ಕೂ ಹಳೇ ಹಗೆ. 1921ರಲ್ಲಿ ಬಾರ್ತೊಲೊ ಫೊಂತಾನಾ ಅನ್ನುವ ಕ್ಷೌರಿಕ, ತನ್ನ ಊರಿನವನೇ ಆದ ಕಯೋಜ್ಜೊ ಎಂಬವನನ್ನು ನ್ಯೂಜೆರ್ಸಿಯಲ್ಲಿ ಕೊಂದ. ಮಗದ್ದೀನೊನ ಸಹೋದರನ ಕೊಲೆ ಊರಿನಲ್ಲಿ ಆಗಿತ್ತು, ಅದರ ಸೇಡಿಗೆ ತನ್ನ ಕೈಯಲ್ಲಿ ಮಾಡಿಸಿದರು ಅಂತ ತಪ್ಪೊಪ್ಪಿಕೊಂಡ. ಊರಿನವನನ್ನು ಬಿಟ್ಟುಕೊಡಲಿಲ್ಲ ಅಂತೀರಾ?

ಕಿರಣ: ಇದಕ್ಕೆ ನಾನೇ ಸೇರಿಸುತ್ತೇನೆ. ಅದೇ ಯುದ್ಧದಲ್ಲಿ ಕೊರ್ಲೆಯೋನೆಯವರು ಎರಡು ಕಡೆಗೂ ಇದ್ದರು. ಮೊರೆಲ್ಲೊ ನ್ಯೂಯಾರ್ಕಿನ ಮಾಫಿಯಾ ದೊರೆ ಮಸ್ಸೇರಿಯಾ ಕಡೆ, ಗಾಲ್ಯಾನೊ ಅನ್ನುವವನು ಎದುರಾಳಿ ಮರಂಜಾನೊ ಕಡೆ. ಇಬ್ಬರೂ ಅದೇ ಊರಲ್ಲಿ ಹುಟ್ಟಿದವರು. ಶಿಕ್ಷೆ ಮುಗಿಯುವ ಮೊದಲೇ ಜೈಲಿನಿಂದ ಹೊರಬಂದಿದ್ದ ಮೊರೆಲ್ಲೊನನ್ನು 1930ರ ಆಗಸ್ಟಿನಲ್ಲಿ ಕೊಂದರು.

ರಘು ಮಾವ: ನೀನೂ ಆ ಕಡೆ ಹೋದೆಯಾ! ಆದರೂ ನಾನು ಕೇಳಿದ್ದು ರಾಜಕೀಯದ ಬಗ್ಗೆ. ಅಮೆರಿಕದಲ್ಲಿ ಅದು ಎಲ್ಲಿತ್ತು?

ವಿದ್ಯಾ: ಷಿಕಾಗೋದ 19ನೇ ವಾರ್ಡು ನೋಡಿ. ಅಲ್ಲಿ ಜಾನ್ ಪವರ್ಸ್ ಅನ್ನುವ ಐರಿಷ್ ಆಲ್ಡರ್‌ಮನ್, ಅಂದರೆ ವಾರ್ಡಿನ ನಗರಸಭಾ ಸದಸ್ಯ, ದಶಕಗಳಿಂದ ಕೂತಿದ್ದರು. ವಾರ್ಡಿನಲ್ಲಿ ಇಟಲಿಯವರು ಜಾಸ್ತಿಯಾದ ಮೇಲೆ ಸಿಸಿಲಿಯ ವಾಲ್ಲೆದೊಲ್ಮೊ ಊರಿನ ಮಾಫಿಯಾ ಮುಖಂಡ ಆಂಟನಿ ದಾಂಡ್ರಿಯಾ ಎದುರು ನಿಂತ. 1920ರ ಸೆಪ್ಟೆಂಬರಿನಲ್ಲಿ ಪವರ್ಸ್ ಮನೆಗೆ ಬಾಂಬ್ ಬಿತ್ತು. 1921ರಲ್ಲಿ ದಾಂಡ್ರಿಯಾ ಸೋತ, ಅದೇ ಮೇ ತಿಂಗಳಲ್ಲಿ ಅವನನ್ನೂ ಕೊಂದರು. ಎರಡೂ ಕಡೆಯ ಹೆಣಗಳಲ್ಲಿ ಇಟಲಿಯವರದೇ ಜಾಸ್ತಿ.  ಇದಕ್ಕೆ ರಾಜಕೀಯ ಬೇಕಿರಲಿಲ್ಲ ಅನ್ನುವುದು ಯಾವ ಮಾತು?

ಶೈಲಾ ಅತ್ತೆ: ರೀ, ಆ ಮೆಸೇಜ್ ಅಳಿಸಿಬಿಡಿ.

ರಘು ಮಾವ: ಅಳಿಸಲ್ಲ. ಊರಿನ ನಂಟಿಲ್ಲದೆ ಆ ಜನ ಅಲ್ಲಿ ಬದುಕುತ್ತಲೇ ಇರಲಿಲ್ಲ, ಆ ಮಾತಿಗೆ ನಾನು ಈಗಲೂ ನಿಲ್ಲುತ್ತೇನೆ. ವೆರ್ರೊ ಅವರ ವಿಷಯ ಕೆಳಗೆ ಸೇರಿಸಿ, ನಮ್ಮ ಬ್ಯಾಂಕಿನ ನಿವೃತ್ತರ ಗುಂಪಿಗೆ ಹಾಕುತ್ತೇನೆ. ಕೊಂದದ್ದು 1914 ಅಂದೆಯಲ್ಲವಾ?

ವಿದ್ಯಾ: 1915 ಮಾವ. 1914 ಮೇಯರ್ ಆದದ್ದು. ಮತ್ತೆ ಆ "ಎಂದೂ ಬಿಟ್ಟುಕೊಡಲಿಲ್ಲ" ಅನ್ನುವ ಸಾಲು ತೆಗೆದು ಕಳಿಸಿ.